ಗೋದಾಮಿನ ಕ್ಯಾಮೆರಾ ಏನನ್ನು ನೋಡಬಹುದು, ಎಷ್ಟು ದಿನ ಇಟ್ಟುಕೊಳ್ಳಬಹುದು

ನೆಲಮಂಗಲದ ಹತ್ತಿರದ ಒಂದು ದೊಡ್ಡ ಗೋದಾಮಿನಲ್ಲಿ ಕಾನೂನು ಪಾಲನೆಯ ಪರಿಶೀಲನೆಗೆಂದು ಹೋಗಿದ್ದೆ. ಗೇಟಿನ ಪಕ್ಕದ ಸೆಕ್ಯೂರಿಟಿ ಕೋಣೆಯ ಗೋಡೆಗೆ ತೂಗುಹಾಕಿದ್ದ ಪರದೆಯಲ್ಲಿ ಹದಿನಾರು ಚೌಕಗಳು ಒಟ್ಟಿಗೆ ಕಾಣುತ್ತಿದ್ದವು. ಲಾರಿಗಳು ಹಿಂದಕ್ಕೆ ಬಂದು ನಿಲ್ಲುವ ಡಾಕ್, ಪ್ಯಾಕಿಂಗ್ ಮೇಜುಗಳ ಸಾಲು, ಎತ್ತರದ ರ‍್ಯಾಕ್‌ಗಳ ನಡುವಿನ ಓಣಿ, ವೇಬ್ರಿಡ್ಜ್, ಮುಖ್ಯ ಶಟರ್ ಎಲ್ಲವೂ ಸ್ಪಷ್ಟವಾಗಿದ್ದವು. ಹದಿನಾಲ್ಕನೆಯ ಚೌಕದಲ್ಲಿ ಮಾತ್ರ, ಶಿಫ್ಟ್ ಮುಗಿಸಿ ಹೊರಡುವ ಹೆಣ್ಣುಮಕ್ಕಳ ಮೈ ತಪಾಸಣೆ ಮಾಡಲು ಬಟ್ಟೆಯ ಮರೆ ಕಟ್ಟಿದ್ದ ಜಾಗ ಮೇಲಿನಿಂದ ಕಾಣುತ್ತಿತ್ತು. ಇದನ್ನು ಯಾರೂ ದುರುದ್ದೇಶದಿಂದ ಮಾಡಿರಲಿಲ್ಲ. ಆ ಕ್ಯಾಮೆರಾವನ್ನು ಹಾಕಿದ್ದು ರ‍್ಯಾಕ್‌ನಲ್ಲಿದ್ದ ಬೆಲೆಬಾಳುವ ಸರಕಿನ ಮೇಲೆ ಕಣ್ಣಿಡಲು. ಆರು ತಿಂಗಳ ನಂತರ ಆ ರ‍್ಯಾಕ್ ಬೇರೆಡೆಗೆ ಹೋಯಿತು, ತಪಾಸಣೆಯ ಮರೆ ಅಲ್ಲಿಗೆ ಬಂತು, ಕ್ಯಾಮೆರಾ ಇದ್ದಲ್ಲಿಯೇ ಉಳಿಯಿತು. ದೃಶ್ಯಗಳನ್ನು ದಾಖಲಿಸುವ ಡಿವಿಆರ್ ಪೆಟ್ಟಿಗೆಯ ಮೇಲೆ ಬಿಳಿ ಟೇಪು ಅಂಟಿಸಿ ಅದರ ಪಾಸ್‌ವರ್ಡನ್ನು ಪೆನ್ನಿನಲ್ಲಿ ಬರೆದಿಟ್ಟಿದ್ದರು.

ಗೋದಾಮಿನ ಕ್ಯಾಮೆರಾಗಳ ಕಾನೂನನ್ನು ವಿವರಿಸಲು ಈ ಒಂದು ಕೋಣೆ ಸಾಕು ಎಂದು ನನಗೆ ಅನ್ನಿಸುತ್ತದೆ. ಕ್ಯಾಮೆರಾ ಹಾಕಬಹುದೇ ಎಂಬ ಪ್ರಶ್ನೆಗೆ ಉತ್ತರ ಸುಲಭ, ಹಾಕಬಹುದು. ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳು) ಜಾರಿ ಅಧಿನಿಯಮ, 2017 ಹೆಚ್ಚು ಜನ ಸೇರುವ ಸಂಸ್ಥೆಗಳು ಸಿಸಿಟಿವಿ ಅಳವಡಿಸಲೇಬೇಕೆಂದು ಹೇಳುವುದರಿಂದ, ಕೆಲವು ಕಡೆ ಅದು ಕಡ್ಡಾಯವೂ ಹೌದು. ಕಷ್ಟವಿರುವುದು ನಂತರದ ಪ್ರಶ್ನೆಗಳಲ್ಲಿ. ಈ ನಿರ್ದಿಷ್ಟ ಕ್ಯಾಮೆರಾ ಯಾವ ಕಾರಣಕ್ಕಾಗಿ ಈ ದಿಕ್ಕಿಗೆ ಮುಖ ಮಾಡಿದೆ, ಅದರ ದೃಶ್ಯವನ್ನು ಯಾರು ನೋಡುತ್ತಾರೆ, ಅದು ಎಷ್ಟು ದಿನ ಉಳಿಯುತ್ತದೆ, ಆಮೇಲೆ ಏನಾಗುತ್ತದೆ ಎಂಬುದಕ್ಕೆ ಪ್ರತಿ ಕ್ಯಾಮೆರಾದ ಮಟ್ಟದಲ್ಲಿ ಲಿಖಿತ ಉತ್ತರ ಇಲ್ಲದಿದ್ದರೆ, ಎಷ್ಟು ಸದುದ್ದೇಶದಿಂದ ಅಳವಡಿಸಿದ್ದರೂ ಅದನ್ನು ಸಮರ್ಥಿಸಿಕೊಳ್ಳುವುದು ಕಷ್ಟ.

ಈ ಪ್ರಶ್ನೆಗಳ ಬೇರು 2017ರ ಆಗಸ್ಟ್ 24ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಸಲ್ಲಿಸಿದ್ದ ಅರ್ಜಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಖಾಸಗಿತನವು ಸಂವಿಧಾನದ 21ನೇ ವಿಧಿಯ ಭಾಗವಾದ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ಹಕ್ಕಿಗೆ ಮಿತಿ ಹಾಕಬೇಕಾದರೆ ಕಾನೂನಿನ ಆಧಾರ ಇರಬೇಕು, ನ್ಯಾಯಯುತ ಉದ್ದೇಶ ಇರಬೇಕು, ಉದ್ದೇಶಕ್ಕೆ ಬೇಕಾದಷ್ಟೇ ಪ್ರಮಾಣದಲ್ಲಿ ಕ್ರಮ ಇರಬೇಕು ಎಂಬ ಅಳತೆಗೋಲನ್ನೂ ಕೊಟ್ಟಿತು. ಈ ಅಳತೆಗೋಲು ಮುಖ್ಯವಾಗಿ ಸರ್ಕಾರದ ಕ್ರಮಗಳಿಗೆ ಸಂಬಂಧಿಸಿದ್ದು. ಖಾಸಗಿ ಸಂಸ್ಥೆಗಳನ್ನು ಕಟ್ಟುವ ಕೆಲಸವನ್ನು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ವಹಿಸಿಕೊಂಡಿದೆ.

ಈ ಕಾಯ್ದೆಯ ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ. ಎಲ್ಲವೂ ಒಂದೇ ದಿನ ಜಾರಿಗೆ ಬಂದಿಲ್ಲ. ದೂರುಗಳನ್ನು ವಿಚಾರಿಸಿ ದಂಡ ವಿಧಿಸುವ ದತ್ತಾಂಶ ಸಂರಕ್ಷಣಾ ಮಂಡಳಿಯ ರಚನೆಗೆ ಸಂಬಂಧಿಸಿದ ಭಾಗ ಮೊದಲು ಬಂತು. ಸಂಸ್ಥೆಗಳ ಮೇಲಿನ ಮುಖ್ಯ ಹೊಣೆಗಾರಿಕೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶವಿದ್ದು, ಅವು 2027ರ ಮೇ ತಿಂಗಳಲ್ಲಿ ಜಾರಿಗೆ ಬರಬೇಕಾಗಿವೆ. ಇನ್ನೂ ಸಮಯವಿದೆಯಲ್ಲ ಎಂದು ಕೈಕಟ್ಟಿ ಕೂರುವ ಮಾಲೀಕರನ್ನು ನಾನು ಕಂಡಿದ್ದೇನೆ. ಕ್ಯಾಮೆರಾಗಳ ಸ್ಥಾನ ಬದಲಿಸುವುದು, ಗುತ್ತಿಗೆ ಪತ್ರಗಳನ್ನು ತಿದ್ದುವುದು, ಹಾರ್ಡ್ ಡಿಸ್ಕ್ ಹೆಚ್ಚಿಸುವುದು, ಸಿಬ್ಬಂದಿಗೆ ತರಬೇತಿ ಕೊಡುವುದು ಒಂದು ವಾರದ ಕೆಲಸವಲ್ಲ ಎಂಬುದನ್ನು ಅವರಿಗೆ ಒತ್ತಿ ಹೇಳಬೇಕಾಗುತ್ತದೆ.

ಸಿಸಿಟಿವಿಗೆಂದೇ ಪ್ರತ್ಯೇಕ ಅಧ್ಯಾಯ ಈ ಕಾಯ್ದೆಯಲ್ಲಿಲ್ಲ. ಆದರೆ ಒಬ್ಬ ವ್ಯಕ್ತಿಯನ್ನು ಗುರುತಿಸಲು ಸಾಧ್ಯವಾಗುವ ಯಾವುದೇ ಡಿಜಿಟಲ್ ಮಾಹಿತಿಯೂ ಅವರ ವೈಯಕ್ತಿಕ ದತ್ತಾಂಶವೇ ಆಗಿರುವುದರಿಂದ, ಮುಖ, ನಡಿಗೆ, ಸಮವಸ್ತ್ರದ ಮೇಲಿನ ಸಂಖ್ಯೆ ಕಾಣುವ ದೃಶ್ಯಾವಳಿಯೂ ಅದರೊಳಗೆ ಬರುತ್ತದೆ. ಒಬ್ಬ ವ್ಯಕ್ತಿ ತನ್ನ ಮನೆಯ ಬಳಕೆಗಾಗಿ ಮಾಡುವ ದಾಖಲೆಗೆ ಕಾಯ್ದೆ ವಿನಾಯಿತಿ ಕೊಟ್ಟಿದೆ. ಗೋದಾಮಿಗೆ ಆ ವಿನಾಯಿತಿ ಇಲ್ಲ.

ಇಲ್ಲಿ ಬಹಳ ಜನ ಎಡವುವ ಒಂದು ಅಂಶವಿದೆ. ಕಾಯ್ದೆಯ ಮೂಲ ತತ್ವ ಸಮ್ಮತಿ. ಆದರೆ ಸೆಕ್ಷನ್ 7ರಲ್ಲಿ ಸಮ್ಮತಿ ಇಲ್ಲದೆಯೂ ದತ್ತಾಂಶ ಬಳಸಬಹುದಾದ ಕೆಲವು ಸಂದರ್ಭಗಳನ್ನು ಹೇಳಲಾಗಿದೆ. ಅವುಗಳಲ್ಲಿ ಉದ್ಯೋಗದ ಉದ್ದೇಶ ಒಂದು, ಉದ್ಯೋಗದಾತರನ್ನು ನಷ್ಟ ಅಥವಾ ಹೊಣೆಗಾರಿಕೆಯಿಂದ ಕಾಪಾಡುವ ಉದ್ದೇಶ ಇನ್ನೊಂದು. ಸರಕು ಕಳುವಾಗದಂತೆ, ಫೋರ್ಕ್‌ಲಿಫ್ಟ್ ಅಪಘಾತವಾದರೆ ಏನಾಯಿತೆಂದು ತಿಳಿಯುವಂತೆ ಹಾಕಿದ ಕ್ಯಾಮೆರಾ ಇದರೊಳಗೆ ಸಹಜವಾಗಿ ಕೂರುತ್ತದೆ. ಹೀಗಾಗಿ ಪ್ರತಿ ಕಾರ್ಮಿಕರಿಂದಲೂ ಸಮ್ಮತಿ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಅಗತ್ಯ ಬೀಳುವುದಿಲ್ಲ. ಅಂಥ ಸಹಿಗೆ ಬೆಲೆಯೂ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಸಮ್ಮತಿ ಮುಕ್ತವಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು ಎಂದು ಕಾಯ್ದೆಯೇ ಹೇಳುವಾಗ, ಕೆಲಸಕ್ಕೆ ಸೇರುವ ದಿನ ಇಪ್ಪತ್ತು ಕಾಗದಗಳ ನಡುವೆ ಹಾಕಿಸಿಕೊಂಡ ಸಹಿಯನ್ನು ಮುಕ್ತ ಸಮ್ಮತಿ ಎನ್ನುವುದು ಹೇಗೆ?

ಆದರೆ ಸಮ್ಮತಿ ಬೇಡ ಎಂದರೆ ಉಳಿದ ಹೊಣೆ ಇಲ್ಲ ಎಂದಲ್ಲ. ಭದ್ರತೆ, ಅಳಿಸುವಿಕೆ, ಸೋರಿಕೆಯಾದರೆ ತಿಳಿಸುವುದು, ದೂರಿಗೆ ಉತ್ತರಿಸುವುದು ಇವೆಲ್ಲ ಹಾಗೆಯೇ ಉಳಿಯುತ್ತವೆ. ಕಾರ್ಮಿಕರ ಪಾಲಿಗೆ ಇದರಲ್ಲಿ ಒಂದು ಕೊರತೆಯೂ ಇದೆ. ತನ್ನ ಬಗೆಗಿನ ದತ್ತಾಂಶದ ವಿವರ ಕೇಳುವ, ತಿದ್ದಿಸುವ, ಅಳಿಸಿಸುವ ಹಕ್ಕುಗಳನ್ನು ಸೆಕ್ಷನ್ 11 ಮತ್ತು 12 ಸಮ್ಮತಿಯ ಆಧಾರದ ಮೇಲೆ ಪಡೆದ ಅಥವಾ ವ್ಯಕ್ತಿ ತಾನಾಗಿ ಕೊಟ್ಟ ದತ್ತಾಂಶಕ್ಕೆ ಮಾತ್ರ ಜೋಡಿಸಿವೆ. ಉದ್ಯೋಗದ ಕಾರಣಕ್ಕೆ ದಾಖಲಾದ ದೃಶ್ಯಕ್ಕೆ ಆ ಹಕ್ಕುಗಳು ನೇರವಾಗಿ ದೊರಕುವುದಿಲ್ಲ. ಉಳಿಯುವುದು ಸೆಕ್ಷನ್ 13ರ ಕುಂದುಕೊರತೆ ಪರಿಹಾರದ ದಾರಿ. ಆದ್ದರಿಂದ ಸಂಸ್ಥೆಯ ಆಂತರಿಕ ನೀತಿಯಲ್ಲಿಯೇ, ತನ್ನ ಮೇಲೆ ಆರೋಪ ಬಂದ ಕಾರ್ಮಿಕನಿಗೆ ಸಂಬಂಧಪಟ್ಟ ದೃಶ್ಯವನ್ನು ತೋರಿಸಲಾಗುವುದು ಎಂದು ಬರೆದಿಡುವುದು ನ್ಯಾಯ. ಕಾನೂನು ಒತ್ತಾಯಿಸದಿದ್ದರೂ ಹೀಗೆ ಬರೆದುಕೊಟ್ಟ ಸಂಸ್ಥೆಗಳಲ್ಲಿ ಜಗಳಗಳು ಬೇಗ ಬಗೆಹರಿಯುವುದನ್ನು ನೋಡಿದ್ದೇನೆ.

ಉದ್ದೇಶದ ಮಾತಿಗೆ ಮರಳುತ್ತೇನೆ, ಏಕೆಂದರೆ ಹೆಚ್ಚಿನ ತಪ್ಪುಗಳು ಅಲ್ಲಿಂದಲೇ ಹುಟ್ಟುತ್ತವೆ. ಕಳ್ಳತನ ತಡೆಯಲು ಹಾಕಿದ ಕ್ಯಾಮೆರಾದಲ್ಲಿ ಸೂಪರ್‌ವೈಸರ್ ಒಬ್ಬರು, ಯಾರು ಎಷ್ಟು ಸಲ ನೀರು ಕುಡಿಯಲು ಎದ್ದರು, ಯಾರು ಎಷ್ಟು ಹೊತ್ತು ಗೋಡೆಗೆ ಒರಗಿ ನಿಂತರು ಎಂದು ಲೆಕ್ಕ ಹಾಕತೊಡಗುತ್ತಾರೆ. ಕ್ಯಾಮೆರಾ ಅದೇ, ಉದ್ದೇಶ ಬೇರೆಯಾಗಿದೆ. ಕೆಲಸದ ವೇಗವನ್ನು ಅಳೆಯುವುದು, ಮುಖ ಗುರುತಿಸಿ ಹಾಜರಿ ಹಾಕುವುದು, ಸದ್ದು ದಾಖಲಿಸುವುದು ಇವು ಪ್ರತಿಯೊಂದೂ ಹೊಸ ಉದ್ದೇಶಗಳು; ಪ್ರತಿಯೊಂದಕ್ಕೂ ಹೊಸದಾಗಿ ಸಮರ್ಥನೆ ಬೇಕು. ಕ್ಯಾಮೆರಾದ ಮೈಕ್ ಬಗ್ಗೆಯಂತೂ ನನ್ನ ಸಲಹೆ ನೇರವಾದದ್ದು: ಮುಚ್ಚಿಬಿಡಿ. ಸರಕು ಹೋದ ದಾರಿ ತಿಳಿಯಲು ಇಬ್ಬರು ಹಮಾಲರು ತಮ್ಮ ಮನೆಯ ಕಷ್ಟ ಮಾತಾಡಿಕೊಳ್ಳುವುದನ್ನು ಕೇಳಿಸಿಕೊಳ್ಳಬೇಕಾಗಿಲ್ಲ.

ಉದ್ದೇಶ ಹರಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸಿನ ಪ್ರಕರಣವೊಂದನ್ನು ಗೋದಾಮು ನಡೆಸುವವರೆಲ್ಲ ತಿಳಿದಿರಬೇಕು. ಅಲ್ಲಿನ ದತ್ತಾಂಶ ಸಂರಕ್ಷಣಾ ಪ್ರಾಧಿಕಾರವಾದ ಸಿಎನ್‌ಐಎಲ್, ಅಮೆಜಾನ್ ಫ್ರಾನ್ಸ್ ಲಾಜಿಸ್ಟಿಕ್ ಸಂಸ್ಥೆಗೆ 3.2 ಕೋಟಿ ಯೂರೋ ದಂಡ ವಿಧಿಸಿದ್ದನ್ನು 2024ರ ಜನವರಿಯಲ್ಲಿ ಪ್ರಕಟಿಸಿತು. ಪ್ರಕರಣದ ದೊಡ್ಡ ಭಾಗ ಕೈ ಸ್ಕ್ಯಾನರ್‌ಗಳ ಕುರಿತದ್ದು. ಒಂದು ವಸ್ತುವನ್ನು ಸ್ಕ್ಯಾನ್ ಮಾಡಿದ 1.25 ಸೆಕೆಂಡಿನೊಳಗೆ ಮತ್ತೊಂದನ್ನು ಸ್ಕ್ಯಾನ್ ಮಾಡಿದರೆ ತಪ್ಪೆಂದು ಗುರುತು, ಹತ್ತು ನಿಮಿಷ ಸ್ಕ್ಯಾನರ್ ಸುಮ್ಮನಿದ್ದರೆ ಇನ್ನೊಂದು ಗುರುತು, ಹೀಗೆ ಪ್ರತಿ ವಿರಾಮಕ್ಕೂ ಕಾರ್ಮಿಕರು ಕಾರಣ ಹೇಳಬೇಕಾಗುವ ಸ್ಥಿತಿಯನ್ನು ಪ್ರಾಧಿಕಾರ ಅತಿಯಾದದ್ದು ಎಂದಿತು. ಆ ಆದೇಶದಲ್ಲಿ ಕ್ಯಾಮೆರಾಗಳ ಬಗೆಗೂ ಒಂದು ಭಾಗವಿದೆ, ಅದರ ಕಡೆ ಹೆಚ್ಚು ಜನರ ಗಮನ ಹೋಗಲಿಲ್ಲ. ನೌಕರರಿಗೂ ಹೊರಗಿನಿಂದ ಬರುವವರಿಗೂ ಕ್ಯಾಮೆರಾಗಳ ಬಗ್ಗೆ ಸರಿಯಾದ ಮಾಹಿತಿ ಕೊಟ್ಟಿರಲಿಲ್ಲ. ದೃಶ್ಯ ನೋಡುವ ತಂತ್ರಾಂಶದ ಪಾಸ್‌ವರ್ಡ್ ದುರ್ಬಲವಾಗಿತ್ತು. ಒಂದೇ ಖಾತೆಯನ್ನು ಹಲವರು ಹಂಚಿಕೊಂಡಿದ್ದರು. ನೆಲಮಂಗಲದ ಆ ಬಿಳಿ ಟೇಪು ಮತ್ತು ಫ್ರಾನ್ಸಿನ ಆ ಖಾತೆ, ಎರಡೂ ಒಂದೇ ಲೋಪ.

ಮಾಹಿತಿ ಕೊಡುವುದು ಎಂದರೆ ಗೇಟಿನ ಬಳಿ ‘ನೀವು ಸಿಸಿಟಿವಿ ಕಣ್ಗಾವಲಿನಲ್ಲಿದ್ದೀರಿ’ ಎಂಬ ಫಲಕ ತೂಗುಹಾಕುವುದಷ್ಟೇ ಅಲ್ಲ. ದಾಖಲೆ ಯಾರ ಹೊಣೆಯಲ್ಲಿದೆ, ಯಾವ ಉದ್ದೇಶಕ್ಕೆ, ಎಷ್ಟು ದಿನ ಇರುತ್ತದೆ, ದೂರಿದ್ದರೆ ಯಾರನ್ನು ಕಾಣಬೇಕು ಎಂಬಷ್ಟಾದರೂ ಅದರಲ್ಲಿರಬೇಕು. ಲಾರಿ ಚಾಲಕ, ಕ್ಲೀನರ್, ಸರಕು ಪಡೆಯಲು ಬಂದ ವ್ಯಾಪಾರಿ ಇವರು ಗೋದಾಮಿನ ಉದ್ಯೋಗಿಗಳಲ್ಲ. ಗುತ್ತಿಗೆದಾರರ ಮೂಲಕ ಬಂದ ಕಾರ್ಮಿಕರ ಉದ್ಯೋಗದಾತ ಯಾರು ಎಂಬುದೇ ಎಷ್ಟೋ ಸಲ ವಿವಾದದ ವಿಷಯ. ಉದ್ಯೋಗದ ವಿನಾಯಿತಿ ಇವರೆಲ್ಲರಿಗೂ ಅನ್ವಯಿಸುತ್ತದೆ ಎಂದು ನೆಚ್ಚಿ ಕೂರುವಂತಿಲ್ಲವಾದ್ದರಿಂದ, ಒಳಗೆ ಕಾಲಿಡುವ ಮೊದಲೇ ಓದಲು ಸಿಗುವ ಸ್ಪಷ್ಟ ಫಲಕ ಅವರ ವಿಷಯದಲ್ಲಿ ಇನ್ನೂ ಮುಖ್ಯವಾಗುತ್ತದೆ. ಸಮ್ಮತಿ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಇರಬೇಕೆಂದು ಕಾಯ್ದೆ ಹೇಳುತ್ತದೆ. ಸಮ್ಮತಿ ಬೇಡದ ಕಡೆಯೂ ಈ ಮಾತನ್ನು ಪಾಲಿಸುವುದು ಒಳ್ಳೆಯದು. ಹೊಸಕೋಟೆ, ನೆಲಮಂಗಲದ ಗೋದಾಮುಗಳಲ್ಲಿ ಉತ್ತರ ಕರ್ನಾಟಕದವರ ಜೊತೆ ಬಿಹಾರ, ಒಡಿಶಾ, ಅಸ್ಸಾಂನಿಂದ ಬಂದವರೂ ದುಡಿಯುತ್ತಾರೆ. ಇಂಗ್ಲಿಷಿನಲ್ಲಿ ಮಾತ್ರ ಇರುವ ಫಲಕ ಅವರಲ್ಲಿ ಯಾರಿಗೂ ತಲುಪುವುದಿಲ್ಲ.

ಕ್ಯಾಮೆರಾ ಎಲ್ಲಿ ಇರಲೇಬಾರದು ಎಂಬುದರಲ್ಲಿ ಚರ್ಚೆಗೆ ಅವಕಾಶವಿಲ್ಲ. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಮಗುವಿಗೆ ಹಾಲೂಡಿಸುವ ಜಾಗ, ಮೈ ತಪಾಸಣೆಯ ಮರೆ ಇವುಗಳಲ್ಲಿ ಕ್ಯಾಮೆರಾ ಇದ್ದರೆ ಅದು ದತ್ತಾಂಶ ಕಾಯ್ದೆಯನ್ನೂ ದಾಟಿ ಅಪರಾಧ ಕಾನೂನಿನ ವ್ಯಾಪ್ತಿಗೆ ಹೋಗಬಹುದು. ಯಾರದೇ ಖಾಸಗಿ ಅಂಗಗಳ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಉದ್ದೇಶಪೂರ್ವಕವಾಗಿ ಸೆರೆಹಿಡಿಯುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 66ಇ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ ಹೇಳಿದೆ. ಮಹಿಳೆಯೊಬ್ಬಳು ಯಾರೂ ನೋಡುವುದಿಲ್ಲವೆಂದು ನಂಬಿರುವ ಖಾಸಗಿ ಸನ್ನಿವೇಶದಲ್ಲಿ ಅವಳನ್ನು ನೋಡುವುದು ಅಥವಾ ಸೆರೆಹಿಡಿಯುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 77ರ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಒಂದರಿಂದ ಮೂರು ವರ್ಷ, ಮತ್ತೆ ಮಾಡಿದರೆ ಮೂರರಿಂದ ಏಳು ವರ್ಷ ಶಿಕ್ಷೆ. ಊಟದ ಕೋಣೆ, ವಿಶ್ರಾಂತಿಯ ಜಾಗಗಳಲ್ಲಿ ಕ್ಯಾಮೆರಾ ಇಡುವುದು ಅಪರಾಧವಲ್ಲ, ಆದರೆ ಅಲ್ಲಿ ಸರಕೂ ಇಲ್ಲ, ಯಂತ್ರವೂ ಇಲ್ಲ. ನಷ್ಟ ತಡೆಯಲು ಎಂಬ ಕಾರಣ ಅಲ್ಲಿ ನಿಲ್ಲುವುದು ಕಷ್ಟ.

ಈಗ ದಿನಗಳ ಲೆಕ್ಕ. ಇದು ಗೋದಾಮುಗಳು ಹೆಚ್ಚು ಎಡವುವ ಜಾಗ. ಮೇಲೆ ಹೇಳಿದ 2017ರ ಕರ್ನಾಟಕದ ಕಾಯ್ದೆ ದೃಶ್ಯಾವಳಿಯನ್ನು 30 ದಿನ ಉಳಿಸಬೇಕೆನ್ನುತ್ತದೆ. ಬಹುಪಾಲು ಡಿವಿಆರ್‌ಗಳು ಡಿಸ್ಕ್ ತುಂಬಿದ ಕೂಡಲೇ ಹಳೆಯದರ ಮೇಲೆ ಹೊಸದನ್ನು ಬರೆಯುತ್ತವೆ. ಒಂದು ಕ್ಯಾಮೆರಾ ಸೆಕೆಂಡಿಗೆ ಎರಡು ಮೆಗಾಬಿಟ್‌ನಂತೆ ದಾಖಲಿಸಿದರೆ ದಿನಕ್ಕೆ ಸುಮಾರು 21.6 ಜಿಬಿ ಬೇಕು. ಹದಿನಾರು ಕ್ಯಾಮೆರಾಗಳಿಗೆ ಸುಮಾರು 346 ಜಿಬಿ. ನೆಲಮಂಗಲದ ಆ ಪೆಟ್ಟಿಗೆಯಲ್ಲಿದ್ದ 4 ಟಿಬಿ ಡಿಸ್ಕ್ ಹನ್ನೆರಡು ದಿನವೂ ತಾಳುವುದಿಲ್ಲ. ಮೂವತ್ತು ದಿನಕ್ಕೆ 10 ಟಿಬಿಗಿಂತ ಹೆಚ್ಚು ಬೇಕು. ನೀತಿ ಪತ್ರದಲ್ಲಿ ಮೂವತ್ತು ದಿನ ಎಂದು ಚೆಂದವಾಗಿ ಅಚ್ಚಾಗಿತ್ತು. ಪೆಟ್ಟಿಗೆಯಲ್ಲಿ ಸುಮಾರು ಹನ್ನೊಂದು ದಿನಗಳ ದೃಶ್ಯ ಮಾತ್ರ ಉಳಿದಿತ್ತು.

ಹಾಗೆಂದು ಮೂವತ್ತು ದಿನ ಇಟ್ಟರೆ ಎಲ್ಲ ಮುಗಿಯಿತೆಂದೂ ಅಲ್ಲ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ, ಘಟನೆ ನಡೆದ ಮೂರು ತಿಂಗಳೊಳಗೆ ಮಹಿಳೆ ದೂರು ಕೊಡಬಹುದು; ಇಂಥ ದೂರುಗಳನ್ನು ವಿಚಾರಿಸುವ ಸಂಸ್ಥೆಯ ಆಂತರಿಕ ಸಮಿತಿ ಕಾರಣ ಒಪ್ಪಿದರೆ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಧೈರ್ಯ ತಂದುಕೊಂಡು ಎಪ್ಪತ್ತನೆಯ ದಿನ ದೂರು ಕೊಟ್ಟ ಮಹಿಳೆಗೆ, ಡಾಕ್‌ನಲ್ಲಿ ನಡೆದದ್ದರ ದೃಶ್ಯ ಅಳಿಸಿಹೋಗಿದೆ ಎಂಬ ಉತ್ತರ ಸಿಗುತ್ತದೆ. ಎಲ್ಲವನ್ನೂ ಆರು ತಿಂಗಳು ಇಡುವುದು ಇದಕ್ಕೆ ಪರಿಹಾರವಲ್ಲ. ಎಲ್ಲರ ದಿನಚರಿಯನ್ನೂ ಗುಡ್ಡೆ ಹಾಕಿಕೊಂಡಷ್ಟೂ ಸೋರಿಕೆಯ ಅಪಾಯ ಬೆಳೆಯುತ್ತದೆ, ಉದ್ದೇಶ ಮುಗಿದ ದತ್ತಾಂಶವನ್ನು ಅಳಿಸಬೇಕೆಂಬ ಸೆಕ್ಷನ್ 8ರ ಮಾತಿಗೂ ಅದು ವಿರುದ್ಧ. ಅಪಘಾತ, ಜಗಳ, ಕಳ್ಳತನ, ಕಿರುಕುಳದ ಸುಳಿವು ಬಾಯಿಮಾತಿನಲ್ಲಿ ಸಿಕ್ಕರೂ ಸಾಕು, ಆ ಕ್ಯಾಮೆರಾದ ಆ ಹೊತ್ತಿನ ತುಣುಕನ್ನು ಅದೇ ದಿನ ಪ್ರತ್ಯೇಕವಾಗಿ ತೆಗೆದಿಡುವ ಪದ್ಧತಿ ಇರಬೇಕು, ತೆಗೆದವರು ಯಾರು, ಏಕೆ ಎಂದು ಪುಸ್ತಕದಲ್ಲಿ ಬರೆಯಬೇಕು.

ಇದರ ಮೇಲೆ 2025ರ ನಿಯಮಗಳ 8ನೇ ನಿಯಮ ಇನ್ನೊಂದು ಗಂಟು ಹಾಕಿದೆ. ಸರ್ಕಾರ ಕೇಳಬಹುದಾದ ಕೆಲವು ನಿರ್ದಿಷ್ಟ ಉದ್ದೇಶಗಳಿಗಾಗಿ ವೈಯಕ್ತಿಕ ದತ್ತಾಂಶ ಮತ್ತು ಅದರ ಬಳಕೆಯ ಲಾಗ್‌ಗಳನ್ನು ಕನಿಷ್ಠ ಒಂದು ವರ್ಷ ಇಡಬೇಕೆಂದು ಅದು ಹೇಳುತ್ತದೆ. ಅಕ್ಷರಶಃ ಓದಿದರೆ ಇದು ಪ್ರತಿ ಗೋದಾಮಿನ ಪ್ರತಿ ಕ್ಯಾಮೆರಾದ ದೃಶ್ಯಕ್ಕೂ ವಿಸ್ತರಿಸುವಂತಿದೆ. ಅಳಿಸಬೇಕೆಂಬ ಕಾಯ್ದೆಯ ಮಾತಿನ ಜೊತೆ ಇದನ್ನು ಹೇಗೆ ಹೊಂದಿಸಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲವಾದ್ದರಿಂದ, 2027ಕ್ಕೆ ಮುನ್ನ ಪ್ರತಿ ಸಂಸ್ಥೆಯೂ ತನ್ನ ವಕೀಲರ ಬಳಿ ಈ ಒಂದು ಅಂಶದ ಮೇಲೆ ಲಿಖಿತ ಅಭಿಪ್ರಾಯ ಪಡೆಯುವುದು ಅಗತ್ಯ.

ದೃಶ್ಯ ಯಾರ ಕೈಗೆ ಸಿಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಕ್ಯಾಮೆರಾ ಅಳವಡಿಸಿಕೊಟ್ಟ ಅಂಗಡಿಯವರು ರಿಪೇರಿಗೆ ಅನುಕೂಲವಾಗಲೆಂದು ತಮ್ಮ ಮೊಬೈಲಿನಲ್ಲೂ ಲಾಗಿನ್ ಇಟ್ಟುಕೊಂಡಿರುತ್ತಾರೆ. ಸೆಕ್ಯೂರಿಟಿ ಏಜೆನ್ಸಿ ಬದಲಾದರೂ ಹಳೆಯ ಮೇಲ್ವಿಚಾರಕರ ಫೋನಿನಲ್ಲಿ ಆ್ಯಪ್ ಉಳಿದಿರುತ್ತದೆ. ಇವರಲ್ಲಿ ಯಾರಿಂದ ದೃಶ್ಯ ಹೊರಹೋದರೂ, ಅವರ ಮೂಲಕ ದತ್ತಾಂಶ ನಿಭಾಯಿಸಿದ ಗೋದಾಮಿನ ಸಂಸ್ಥೆಯೇ ಕಾಯ್ದೆಯ ದೃಷ್ಟಿಯಲ್ಲಿ ಹೊಣೆಗಾರ. ಅಂಥವರೊಂದಿಗೆ ಲಿಖಿತ ಕರಾರು ಇರಬೇಕು, ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಇರಬೇಕು, ಯಾರು ಯಾವಾಗ ಏನು ನೋಡಿದರೆಂಬ ಲಾಗ್ ಇರಬೇಕು. ಭದ್ರತೆಯಲ್ಲಿ ಲೋಪವಾಗಿ ದತ್ತಾಂಶ ಸೋರಿದರೆ ದಂಡ 250 ಕೋಟಿ ರೂಪಾಯಿವರೆಗೆ, ಸೋರಿಕೆಯನ್ನು ಮಂಡಳಿಗೂ ಬಾಧಿತರಿಗೂ ತಿಳಿಸದಿದ್ದರೆ 200 ಕೋಟಿವರೆಗೆ ಇದೆ; ಮಂಡಳಿಗೆ ಕೂಡಲೇ ಸುದ್ದಿ ಕೊಟ್ಟು, 72 ಗಂಟೆಯೊಳಗೆ ವಿವರ ಒದಗಿಸಬೇಕು. ಹ್ಯಾಕರ್‌ಗಳು ನುಗ್ಗಿದರೆ ಮಾತ್ರ ಸೋರಿಕೆ ಎಂದು ತಿಳಿಯುವುದು ತಪ್ಪು. ಕಾರ್ಮಿಕನೊಬ್ಬ ಎಡವಿ ಬಿದ್ದ ತುಣುಕನ್ನು ನಗಲೆಂದು ವಾಟ್ಸಾಪ್ ಗುಂಪಿಗೆ ಹಾಕಿದರೆ ಅದೂ ಅನಧಿಕೃತ ಹಂಚಿಕೆಯೇ.

ಉಪಕರಣದ ಬಗ್ಗೆ ಒಂದೇ ಮಾತು. 2025ರ ಏಪ್ರಿಲ್ 9ರಿಂದ ಭಾರತದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳು ನಿಗದಿತ ಭದ್ರತಾ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ನೋಂದಣಿ ಪಡೆದಿರಬೇಕು. ಹೊಸದಾಗಿ ಕೊಳ್ಳುವಾಗ ಆ ದಾಖಲೆ ಕೇಳಿ ಪಡೆಯಬೇಕು.

ಇಷ್ಟೆಲ್ಲ ಕಾಪಾಡಿದ ತುಣುಕು ಕೊನೆಗೆ ನ್ಯಾಯಾಲಯದಲ್ಲಿ ನಿಲ್ಲಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಸೆಕ್ಷನ್ 63ರ ಪ್ರಕಾರ ಅದರ ಪ್ರತಿಯ ಜೊತೆ ಎರಡು ಭಾಗಗಳ ಪ್ರಮಾಣಪತ್ರ ಬೇಕು. ಒಂದು ಭಾಗಕ್ಕೆ ಸಾಧನದ ಹೊಣೆ ಹೊತ್ತವರೂ ಇನ್ನೊಂದಕ್ಕೆ ತಜ್ಞರೂ ಸಹಿ ಹಾಕಬೇಕು, ಕಡತದ ಹ್ಯಾಷ್ ಮೌಲ್ಯವನ್ನೂ ಬರೆಯಬೇಕು. ಹ್ಯಾಷ್ ಎಂದರೆ ಕಡತದಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಒಂದು ಸಂಕೇತ. ಒಂದು ಚೌಕಟ್ಟು ಬದಲಾದರೂ ಸಂಕೇತ ಬೇರೆಯಾಗುತ್ತದೆ. ಪರದೆಯ ಮುಂದೆ ಮೊಬೈಲ್ ಹಿಡಿದು ಚಿತ್ರೀಕರಿಸಿದ ತುಣುಕಿನಿಂದ ಮೂಲ ಕಡತದ ಹ್ಯಾಷ್ ಸಿಗುವುದಿಲ್ಲ. ಸಂಸ್ಥೆಯೊಳಗಿನ ಶಿಸ್ತು ವಿಚಾರಣೆಗೆ ಸಾಕ್ಷ್ಯದ ಕಾನೂನು ಇಷ್ಟು ಬಿಗಿಯಾಗಿ ಅನ್ವಯಿಸದಿದ್ದರೂ, ಆರೋಪಿತ ಕಾರ್ಮಿಕನಿಗೆ ತುಣುಕನ್ನು ತೋರಿಸಿ ಉತ್ತರಿಸಲು ಅವಕಾಶ ಕೊಡದೆ ಕೆಲಸದಿಂದ ತೆಗೆದರೆ ಆ ಆದೇಶ ಸಹಜ ನ್ಯಾಯದ ಮುಂದೆ ನಿಲ್ಲುವುದಿಲ್ಲ.

ನೆಲಮಂಗಲದ ಆ ಹದಿನಾಲ್ಕನೆಯ ಕ್ಯಾಮೆರಾವನ್ನು ಅಂದೇ ಏಣಿ ಹಾಕಿ ತಿರುಗಿಸಿದರು. ಬಟ್ಟೆಯ ಮರೆಯ ಬದಲು ಮೇಲ್ಛಾವಣಿ ಇರುವ ಕೋಣೆ ಕಟ್ಟಲು ಒಪ್ಪಿದರು. ಹಳೆಯ ದೃಶ್ಯಗಳನ್ನು ಕೂಡಲೇ ಅಳಿಸಿಬಿಡೋಣ ಎಂದು ವ್ಯವಸ್ಥಾಪಕರು ಹೊರಟಾಗ ತಡೆಯಬೇಕಾಯಿತು, ಏಕೆಂದರೆ ಯಾರಾದರೂ ಅದನ್ನು ದುರುಪಯೋಗ ಮಾಡಿದ್ದರೆ ಅಳಿಸುವುದು ಸಾಕ್ಷ್ಯ ನಾಶವಾಗುತ್ತಿತ್ತು. ಡಿಸ್ಕನ್ನು ಸೀಲ್ ಮಾಡಿಸಿ, ಆಂತರಿಕ ಸಮಿತಿಯ ಅಧ್ಯಕ್ಷೆಯ ಸಮ್ಮುಖದಲ್ಲಿ ಆ ಶಿಫ್ಟಿನ ಹೆಣ್ಣುಮಕ್ಕಳನ್ನು ಕರೆದು ನಡೆದದ್ದನ್ನು ಹೇಳಿದೆವು. ಅವರಲ್ಲಿ ಒಬ್ಬಾಕೆ ಕೇಳಿದ್ದು ಒಂದೇ ಪ್ರಶ್ನೆ: “ಇಷ್ಟು ದಿನ ಅದನ್ನ ಯಾರ್ಯಾರು ನೋಡಿದಾರೆ ಸರ್?” ಲಾಗ್ ತೆರೆದು ನೋಡಿದೆವು. ಹಗಲು ರಾತ್ರಿಯ ಎಲ್ಲ ಶಿಫ್ಟುಗಳಲ್ಲೂ, ಪ್ರತಿ ಸಾಲಿನಲ್ಲೂ, ಇದ್ದದ್ದು ‘ಅಡ್ಮಿನ್’ ಎಂಬ ಒಂದೇ ಹೆಸರು.